ವಸಡಿಗೆ ಬೇವು ತ್ರಿಫಲ, ಹುಳುಕಿಗೆ ಡಾಕ್ಟರು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬೇವು, ತ್ರಿಫಲ, ಬಕುಳದ ತೊಗಟೆ, ಎಳ್ಳೆಣ್ಣೆ ಇವೆಲ್ಲ ಮುಖ್ಯವಾಗಿ ಕೆಲಸ ಮಾಡುವುದು ವಸಡಿನ ಮೇಲೆ, ಹಲ್ಲಿನ ಮೇಲೆ ಅಲ್ಲ. ವಸಡು ಊದಿಕೊಂಡಿದೆ, ಉಜ್ಜಿದರೆ ರಕ್ತ ಬರುತ್ತದೆ, ಬೆಳಗ್ಗೆ ಎದ್ದರೆ ಬಾಯಿ ನಾರುತ್ತದೆ, ಒಳಗೆ ಸಣ್ಣ ಹುಣ್ಣಾಗಿದೆ ಅನ್ನುವವರಿಗೆ ಮೂಲಿಕೆಯಿಂದ ನಿಜವಾಗಿ ಉಪಯೋಗವಿದೆ. ಹಲ್ಲು ತೂತಾಗಿದೆ, ಗಟ್ಟಿ ಗಾರೆ ಕಟ್ಟಿದೆ, ಹಲ್ಲು ಅಲ್ಲಾಡುತ್ತಿದೆ ಅನ್ನುವವರಿಗೆ ಯಾವ ಬೇರೂ ಯಾವ ಎಣ್ಣೆಯೂ ಅದನ್ನು ಸರಿಮಾಡಿ ಕೊಡುವುದಿಲ್ಲ. ಈ ಎರಡನ್ನೂ ಬೆರೆಸಿಬಿಡುವುದರಿಂದಲೇ ಅರ್ಧ ಗೊಂದಲ. ಒಬ್ಬರು ಹುಳುಕು ಹಲ್ಲಿಗೆ ವರ್ಷಗಟ್ಟಲೆ ಲವಂಗ ಇಟ್ಟುಕೊಂಡು ಕೊನೆಗೆ ಹಲ್ಲು ಕೀಳಿಸುತ್ತಾರೆ. ಇನ್ನೊಬ್ಬರು ಇದೆಲ್ಲ ಅಜ್ಜಿ ಕಾಲದ ಕಂತೆ ಅಂತ ತಳ್ಳಿಹಾಕಿ, ಹತ್ತು ರೂಪಾಯಿ ಕಷಾಯದಲ್ಲಿ ಹಿಡಿತಕ್ಕೆ ಬರುವ ವಸಡಿಗೆ ಬಣ್ಣಬಣ್ಣದ ಬಾಟಲಿ ತರುತ್ತಾರೆ.

ಹಾಗಾಗಿ ಮೂಲಿಕೆ ತರುವ ಮೊದಲು ಕನ್ನಡಿ ಮುಂದೆ ನಿಲ್ಲಿ. ಕಿಟಕಿ ಬೆಳಕಿದ್ದರೆ ಒಳ್ಳೆಯದು. ಕೆಳತುಟಿ ಎಳೆದು ಹಲ್ಲು ಮತ್ತು ವಸಡು ಸೇರುವ ಅಂಚು ನೋಡಿ. ಚೆನ್ನಾಗಿರುವ ವಸಡು ಎರಡು ಹಲ್ಲಿನ ನಡುವೆ ಚೂಪಾಗಿ ಸೇರಿರುತ್ತದೆ, ಬಿಗಿಯಾಗಿರುತ್ತದೆ. ಊದಿದ ವಸಡು ದುಂಡಗೆ, ಕೆಂಪಗೆ, ಹೊಳೆಯುತ್ತಿರುತ್ತದೆ. ಬಣ್ಣ ಒಬ್ಬೊಬ್ಬರದು ಒಂದೊಂದು ಥರ. ಕಪ್ಪು ವಸಡು ಅಂದರೆ ಕಾಯಿಲೆ ಅಲ್ಲ, ನಮ್ಮಲ್ಲಿ ಬಹಳ ಜನಕ್ಕೆ ಹುಟ್ಟಿನಿಂದಲೇ ಹಾಗಿರುತ್ತದೆ. ಆಮೇಲೆ ಉಗುರಿನಿಂದ ಹಲ್ಲಿನ ಬುಡ ಕೆರೆದು ನೋಡಿ. ಬಿಳಿ ಮೆತ್ತನೆಯ ಲೋಳೆ ಬಂದರೆ ಅದು ಪಾಚಿ, ಉಜ್ಜಿದರೆ ಹೋಗುತ್ತದೆ. ಉಗುರಿಗೆ ಒರಟಾಗಿ ಸಿಕ್ಕಿ, ಕೆರೆದರೂ ಬರದೆ ಹಳದಿಯಾಗಿ ಕೂತಿದ್ದರೆ ಅದು ಗಾರೆ. ಪಾಚಿಯನ್ನು ಕೆಲವು ದಿನ ಬಿಟ್ಟರೆ ಎಂಜಲಿನಲ್ಲಿರುವ ಸುಣ್ಣದ ಅಂಶ ಸೇರಿ ಹಾಗೆ ಗಟ್ಟಿಯಾಗುತ್ತದೆ. ಅದಕ್ಕೆ ಕ್ಲೀನಿಂಗ್ ಮಾಡಿಸಲೇಬೇಕು. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದೆ ಅನ್ನುವುದು ಸುಮ್ನೆ ಹಬ್ಬಿದ ಮಾತು. ಗಾರೆ ತೆಗೆದಾಗ ಅದರ ಹಿಂದೆ ಅಡಗಿದ್ದ ಸಂದು ಕಾಣುತ್ತದೆ ಅಷ್ಟೇ. ಸಂದು ಮಾಡಿದ್ದು ಗಾರೆ ಮತ್ತು ಅದರ ಮೇಲೆ ಕೂತ ಪಾಚಿ, ಡಾಕ್ಟರಲ್ಲ. ಗಾರೆ ಇಟ್ಟುಕೊಂಡು ಮೇಲಿನಿಂದ ಎಷ್ಟು ತ್ರಿಫಲ ಮುಕ್ಕಳಿಸಿದರೂ ಎರಡು ದಿನ ಹಾಯೆನಿಸಿ ಮತ್ತೆ ರಕ್ತ ಶುರು. ಮೊದಲು ಕ್ಲೀನಿಂಗ್, ಆಮೇಲೆ ಮೂಲಿಕೆ. ಈ ಕ್ರಮ ಇಟ್ಟುಕೊಂಡರೆ ಹಣವೂ ಉಳಿಯುತ್ತದೆ.

ಬೇವಿನ ಕಡ್ಡಿ

ಆಯುರ್ವೇದದ ಹಳೆಯ ಗ್ರಂಥಗಳಲ್ಲಿ ಹಲ್ಲುಜ್ಜುವ ಕಡ್ಡಿಗೆ ಅಳತೆಯನ್ನೇ ಕೊಟ್ಟಿದ್ದಾರೆ. ವಾಗ್ಭಟನ ಅಷ್ಟಾಂಗ ಹೃದಯದ ಪ್ರಕಾರ ಹನ್ನೆರಡು ಬೆರಳಗಲ ಉದ್ದ, ಅಂದರೆ ಒಂದು ಗೇಣು. ದಪ್ಪ ಕಿರುಬೆರಳಿನ ತುದಿಯಷ್ಟು. ಈ ಅಳತೆ ಸುಮ್ನೆ ಬರೆದಿದ್ದಲ್ಲ. ಇದಕ್ಕಿಂತ ದಪ್ಪ ಆದರೆ ಒಳಗೆ ತಿರುಗುವುದಿಲ್ಲ, ತೆಳ್ಳಗಾದರೆ ನಾರು ಬಿಚ್ಚಿಕೊಳ್ಳುವ ಮೊದಲೇ ಮುರಿದು ಹೋಗುತ್ತದೆ. ರುಚಿ ಕಹಿ, ಒಗರು, ಖಾರ ಇರಬೇಕು ಅಂತಾನೂ ಹೇಳಿದ್ದಾರೆ. ಸುಶ್ರುತ ಇನ್ನೂ ಬಿಡಿಸಿ, ಕಹಿಯಲ್ಲಿ ಬೇವು, ಒಗರಿನಲ್ಲಿ ಕಗ್ಗಲಿ (ಕಾಚಿನ ಮರ), ಖಾರದಲ್ಲಿ ಹೊಂಗೆ ಒಳ್ಳೆಯದು ಅನ್ನುತ್ತಾನೆ.

ಕಡ್ಡಿ ಮುರಿಯುವ ಮೊದಲು ಮರ ನೋಡಿಕೊಳ್ಳಿ. ಇತ್ತೀಚೆಗೆ ಹೊಲದ ಬದುವಿನಲ್ಲೆಲ್ಲ ಹೆಬ್ಬೇವು ನೆಟ್ಟಿದ್ದಾರೆ, ಊರೊಳಗೆ ಅಲ್ಲಲ್ಲಿ ನೇರಳೆ ಹೂವಿನ ಹುಚ್ಚುಬೇವೂ ಇರುತ್ತದೆ. ದೂರದಿಂದ ಎಲ್ಲ ಒಂದೇ ಥರ. ಹತ್ತಿರ ಹೋಗಿ ಒಂದು ಎಲೆ ಕಿತ್ತು ನೋಡಿ. ಬೇವಿನಲ್ಲಿ ಒಂದೇ ದಂಟು, ಅದರ ಎರಡೂ ಕಡೆ ಕುಡುಗೋಲಿನಂತೆ ಬಾಗಿದ ಎಲೆಗಳು, ಅಂಚು ಗರಗಸದ ಹಲ್ಲು. ದಂಟಿನಿಂದ ಮತ್ತೆ ಕವಲು ಒಡೆದು ಆ ಕವಲಿನಲ್ಲಿ ಎಲೆಗಳಿದ್ದರೆ ಅದು ಹೆಬ್ಬೇವು ಅಥವಾ ಹುಚ್ಚುಬೇವು. ಬಿಟ್ಟುಬಿಡಿ. ಹುಚ್ಚುಬೇವಿನ ಕಾಯಿ ವಿಷ, ಅದರ ಕಡ್ಡಿ ಬಾಯಿಗೆ ಹಾಕಿಕೊಳ್ಳುವುದು ಬೇಡ. ಔಷಧಿ ಹೊಡೆಯುವ ತೋಟದ ಬೇಲಿ, ಹೆದ್ದಾರಿ ಪಕ್ಕದ ಮರ ಇವೂ ಬೇಡ.

ತೀರಾ ಹಸಿರು ಚಿಗುರು ಮೆತ್ತಗಿರುತ್ತದೆ, ಪೂರ್ತಿ ಕಂದು ಬಣ್ಣದ್ದು ಗಟ್ಟಿ. ಹಸಿರಿನಿಂದ ಕಂದಿಗೆ ತಿರುಗುತ್ತಿರುವ ಭಾಗ ಆರಿಸಿ. ಎಲೆ ಕಿತ್ತು, ಗೆಣ್ಣು ಸವರಿ, ತೊಳೆಯಿರಿ. ತೊಗಟೆ ಸುಲಿಯಬೇಡಿ, ಕಹಿ ಒಗರು ಎಲ್ಲ ಅದರಲ್ಲೇ ಇದೆ. ಒಂದು ತುದಿಯನ್ನು ದವಡೆ ಹಲ್ಲಿನಲ್ಲಿ ಇಟ್ಟು ನಿಧಾನಕ್ಕೆ ಅಗಿಯಿರಿ. ಎರಡು ಮೂರು ನಿಮಿಷ ಬೇಕು. ಮೊದಲು ಬರುವ ಕಹಿ ರಸ ಉಗಿಯಿರಿ. ನಾರು ಬಿಡಿಬಿಡಿಯಾಗಿ, ಒದ್ದೆ ಕುಂಚದ ಹಾಗೆ ಹರಡಿಕೊಂಡ ಮೇಲೆ ಮಾತ್ರ ಉಜ್ಜಲು ಶುರುಮಾಡಿ. ಅವಸರಕ್ಕೆ ಅರ್ಧ ಅಗಿದ ಕಡ್ಡಿಯಲ್ಲಿ ಉಜ್ಜಿದರೆ ಅದು ಕುಂಚ ಅಲ್ಲ, ಕಟ್ಟಿಗೆ. ವಸಡು ಕಿತ್ತು ಬರುತ್ತದೆ.

ಉಜ್ಜುವ ದಿಕ್ಕು ಮುಖ್ಯ. ಮೇಲಿನ ಹಲ್ಲಿಗೆ ವಸಡಿನಿಂದ ಕೆಳಕ್ಕೆ, ಕೆಳಗಿನ ಹಲ್ಲಿಗೆ ವಸಡಿನಿಂದ ಮೇಲಕ್ಕೆ. ಒಂದೊಂದೇ ಹಲ್ಲು. ಅಡ್ಡಡ್ಡ ಗರಗಸ ಎಳೆದಂತೆ ಎಳೆಯುವವರ ವಸಡು ಕೆಲವೇ ವರ್ಷದಲ್ಲಿ ಮೇಲಕ್ಕೆ ಸರಿದು ಹಲ್ಲಿನ ಬೇರು ಕಾಣಲು ಶುರುವಾಗುತ್ತದೆ, ಆಮೇಲೆ ತಣ್ಣೀರು ಕುಡಿದರೆ ಜುಂ ಅನ್ನುತ್ತದೆ. ಹೀಗೆ ಸರಿದ ವಸಡು ತಾನಾಗಿ ಮತ್ತೆ ಇಳಿಯುವುದಿಲ್ಲ. ಮುಂದಿನ ಹಲ್ಲಿಗೆ ಕಡ್ಡಿ ಚೆನ್ನಾಗಿ ಸಿಗುತ್ತದೆ. ಹಿಂದಿನ ದವಡೆಯ ಒಳಬದಿಗೆ ಎಷ್ಟೇ ಸರ್ಕಸ್ ಮಾಡಿದರೂ ಸರಿಯಾಗಿ ತಲುಪುವುದಿಲ್ಲ. ಆದ್ದರಿಂದ ನನ್ನ ಲೆಕ್ಕದಲ್ಲಿ ಕಡ್ಡಿ ಬೆಳಗ್ಗೆಗೆ ಸರಿ, ರಾತ್ರಿ ಮಾತ್ರ ಬ್ರಷ್ಷೇ ಬೇಕು. ಉಜ್ಜಿ ಆದಮೇಲೆ ಅದೇ ಕಡ್ಡಿಯನ್ನು ಉದ್ದಕ್ಕೆ ಸೀಳಿ, ಬಗ್ಗಿಸಿ ನಾಲಿಗೆ ಕೆರೆದುಕೊಳ್ಳಿ. ಬಾಯಿ ವಾಸನೆ ಬಹಳ ಸಲ ಹಲ್ಲಿನದಲ್ಲ, ನಾಲಿಗೆಯ ಹಿಂಭಾಗದ್ದು. ಮಾರನೇ ದಿನಕ್ಕೆ ಅದೇ ತುದಿ ಬೇಡ, ಕತ್ತರಿಸಿ ಹೊಸ ತುದಿ ಅಗಿಯಿರಿ. ಪೇಟೆಯಲ್ಲಿರುವವರು ಒಂದು ವಾರದ ಕಡ್ಡಿ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಇಡಬಹುದು.

ಬೇವು ಸಿಗದಿದ್ದರೆ ಹೊಂಗೆ. ರಸ್ತೆ ಬದಿಯಲ್ಲಿ ಅದೇ ಜಾಸ್ತಿ ಅಲ್ವಾ. ಬಯಲುಸೀಮೆಯಲ್ಲಿ ಮುಳ್ಳು ಸವರಿದ ಕರಿಜಾಲಿ ಕಡ್ಡಿ. ಆಲದ ಬಿಳಲಿನ ಎಳೆ ತುದಿಯೂ ಒಳ್ಳೆಯದು, ಒಗರು ಚೆನ್ನಾಗಿದೆ, ಹಾಲು ಬರುತ್ತದೆ ಅಂತ ಮೊದಲು ತೊಳೆದುಕೊಳ್ಳಬೇಕು.

ಇಲ್ಲಿ ಒಂದು ಎಚ್ಚರಿಕೆ. ಹಳೆಯ ಪಟ್ಟಿಗಳಲ್ಲಿ ಎಕ್ಕ ಇದೆ, ಚರಕ ಸಂಹಿತೆಯಲ್ಲಿ ಕಣಗಿಲೆಯೂ ಇದೆ. ಗ್ರಂಥದಲ್ಲಿದೆ ಅಂತ ಕಣಗಿಲೆ ಕಡ್ಡಿ ಬಾಯಿಗೆ ಹಾಕಬೇಡಿ. ಅದು ಹೃದಯಕ್ಕೆ ಹೊಡೆಯುವ ವಿಷ. ಎಕ್ಕದ ಹಾಲು ಬಾಯಿಯ ಚರ್ಮ ಸುಡುತ್ತದೆ. ಗ್ರಂಥವನ್ನು ಗೌರವಿಸುವುದು ಬೇರೆ, ಕಣ್ಣು ಮುಚ್ಚಿ ಮಾಡುವುದು ಬೇರೆ. ಅದೇ ವಾಗ್ಭಟ ಯಾರು ಕಡ್ಡಿ ಬಳಸಬಾರದು ಅಂತಾನೂ ಹೇಳಿದ್ದಾನೆ: ಜ್ವರ, ವಾಂತಿ, ಅಜೀರ್ಣ, ಕೆಮ್ಮು, ಬಾಯಿಹುಣ್ಣು ಇರುವವರು. ಈ ಭಾಗವನ್ನು ಯಾರೂ ಹಂಚಿಕೊಳ್ಳುವುದಿಲ್ಲ ನೋಡಿ.

ಹಲ್ಲುಪುಡಿ

ನಂಜನಗೂಡಿನ ಹಲ್ಲುಪುಡಿ ಅಂದರೆ ಈಗಲೂ ಐವತ್ತು ದಾಟಿದವರ ಮುಖ ಅರಳುತ್ತದೆ. ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆಯಿಂದ ಶುರುಮಾಡಿದ ಆ ಗುಲಾಬಿ ಬಣ್ಣದ ಪುಡಿ ಎಷ್ಟೋ ಮನೆಗಳಿಗೆ ಇದ್ದಿಲು, ಬೂದಿ, ಇಟ್ಟಿಗೆ ಪುಡಿಯಿಂದ ಬಿಡುಗಡೆ ಕೊಟ್ಟಿತು. ಇದ್ದಿಲು, ಇಟ್ಟಿಗೆ ಪುಡಿ, ಕಲ್ಲುಪ್ಪು ಇವು ಹಲ್ಲನ್ನು ಬೆಳ್ಳಗೆ ಮಾಡುವುದು ನಿಜ, ಮೇಲಿನ ಪದರವನ್ನೇ ಸವೆಸಿ. ಆ ಪದರ ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ, ಅದರ ಕೆಳಗಿರುವುದು ಹಳದಿ, ಆದ್ದರಿಂದ ಜಾಸ್ತಿ ಉಜ್ಜಿದಷ್ಟೂ ಕೊನೆಗೆ ಹಲ್ಲು ಹಳದಿಯೇ ಆಗುವುದು. ಈಗ ಅದೇ ಇದ್ದಿಲು ಚಾರ್‌ಕೋಲ್ ಅನ್ನುವ ಹೆಸರಿನಲ್ಲಿ ದುಬಾರಿ ಡಬ್ಬಿಯಲ್ಲಿ ವಾಪಸ್ ಬಂದಿದೆ. ನಗು ಬರುತ್ತದೆ.

ಮನೆಯಲ್ಲೇ ಪುಡಿ ಮಾಡುವುದು ಕಷ್ಟವೇನಲ್ಲ. ಗ್ರಂಧಿಗೆ ಅಂಗಡಿಗೆ ಹೋಗಿ ಅಳಲೆಕಾಯಿ, ತಾರೆಕಾಯಿ, ಒಣ ನೆಲ್ಲಿಕಾಯಿ ಕೇಳಿ. ಪುಡಿ ಬೇಡ, ಕಾಯಿಯನ್ನೇ ತನ್ನಿ. ಪುಡಿಯಲ್ಲಿ ಬೀಜ ಸೇರಿಸಿ ಬೀಸಿರುತ್ತಾರೋ ಏನೋ ತಿಳಿಯುವುದಿಲ್ಲ. ಅಳಲೆಕಾಯಿ ಕೈಯಲ್ಲಿ ಹಿಡಿದರೆ ತೂಕವಾಗಿರಬೇಕು, ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನಬಾರದು, ತೂತಿರಬಾರದು. ಕುಟ್ಟಿ ಬೀಜ ತೆಗೆದು, ಸಿಪ್ಪೆಯನ್ನು ಒಂದು ದಿನ ಬಿಸಿಲಿಗೆ ಹಾಕಿ, ಮೂರನ್ನೂ ಸಮನಾಗಿ ತೂಗಿ ಪುಡಿ ಮಾಡಿ. ಇದೇ ತ್ರಿಫಲ.

ಈ ತ್ರಿಫಲದ ನಾಲ್ಕು ಚಮಚಕ್ಕೆ ನೆರಳಲ್ಲಿ ಒಣಗಿಸಿದ ಬೇವಿನ ಎಲೆ ಪುಡಿ ಎರಡು ಚಮಚ, ಬಕುಳದ ತೊಗಟೆ ಪುಡಿ ಎರಡು ಚಮಚ, ಲವಂಗದ ಪುಡಿ ಅರ್ಧ ಚಮಚ, ಸೈಂಧವ ಲವಣ ಅರ್ಧ ಚಮಚ. ಬಕುಳ ಅಂದರೆ ರಂಜೆ ಹೂವಿನ ಮರ, ಆ ತೊಗಟೆ ಸಡಿಲ ವಸಡಿಗೆ ಬಿಗಿ ಕೊಡುತ್ತದೆ ಅಂತ ಬಹಳ ಹಿಂದಿನಿಂದ ಬಳಸುತ್ತಾರೆ, ತುಂಬ ಒಗರು. ಸಿಗದಿದ್ದರೆ ಬಿಡಿ. ಹಳದಿ ಹೂವಿನ ಮುಳ್ಳು ಗೋರಂಟಿಯನ್ನು ವಜ್ರದಂತಿ ಅನ್ನುತ್ತಾರೆ, ಅದರ ಎಲೆ ಒಣಗಿಸಿ ಪುಡಿ ಮಾಡಿ ಹಾಕುವವರೂ ಇದ್ದಾರೆ.

ಪುಡಿಯಲ್ಲಿ ಸೋಲುವುದೆಲ್ಲ ಜರಡಿ ಹಿಡಿಯುವ ಕಡೆ. ಹಿಟ್ಟಿನ ಜರಡಿ ಸಾಲದು. ತೆಳುವಾದ ಹತ್ತಿ ಬಟ್ಟೆಯನ್ನು ಪಾತ್ರೆಯ ಬಾಯಿಗೆ ಕಟ್ಟಿ, ಮೇಲೆ ಪುಡಿ ಹಾಕಿ ಬೆರಳಾಡಿಸಿ. ಕೆಳಗೆ ಇಳಿದಿದ್ದು ಮಾತ್ರ ಬಾಯಿಗೆ. ಆಮೇಲೆ ಚಿಟಿಕೆ ಪುಡಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿ, ಟಾಲ್ಕಂ ಪೌಡರಿನಷ್ಟು ನುಣುಪಿರಬೇಕು. ಮರಳಿನಂತೆ ಕರಕರ ಅಂದರೆ ಮತ್ತೆ ಬಟ್ಟೆಗೆ ಹಾಕಿ. ಇದನ್ನು ಬ್ರಷ್ಷಿನಲ್ಲಿ ಉಜ್ಜಬೇಡಿ. ಬೆರಳ ತುದಿಯಲ್ಲಿ ತೆಗೆದು, ಎರಡು ಹನಿ ಎಳ್ಳೆಣ್ಣೆ ಸೇರಿಸಿ, ವಸಡಿಗೆ ಸುತ್ತಲೂ ಹಚ್ಚಿ, ಮೆಲ್ಲಗೆ ತಿಕ್ಕಿ, ಐದು ನಿಮಿಷ ಬಿಟ್ಟು ಬಾಯಿ ತೊಳೆಯಿರಿ. ರಾತ್ರಿ ಬ್ರಷ್ ಮಾಡುವ ಮೊದಲು ಒಂದು ಸಲ ಸಾಕು. ಒದ್ದೆ ಚಮಚ ಹಾಕದೆ ಗಾಜಿನ ಬಾಟಲಿಯಲ್ಲಿ ಇಟ್ಟರೆ ಎರಡು ತಿಂಗಳು ಬರುತ್ತದೆ. ಮಳೆಗಾಲದಲ್ಲಿ ಉಪ್ಪು ನೀರೊಡೆದು ಗಂಟು ಕಟ್ಟುತ್ತದೆ, ಆಗ ಉಪ್ಪು ಬಿಟ್ಟು ಮಾಡಿ.

ಅಂಗಡಿಯ ಪುಡಿ ಕೊಳ್ಳುವವರು ಹಿಂದೆ ಬರೆದಿರುವುದನ್ನು ಓದಿ. ಕೆಂಪು ಪುಡಿಗಳಲ್ಲಿ ಬಣ್ಣಕ್ಕೆ ಕಾವಿ ಮಣ್ಣು ಹಾಕುತ್ತಾರೆ, ಅದು ಒರಟು. ಹಲ್ಲುಜ್ಜುವ ಪೇಸ್ಟು ಪುಡಿಗಳಲ್ಲಿ ತಂಬಾಕು ಹಾಕುವುದನ್ನು ನಮ್ಮ ದೇಶದಲ್ಲಿ 1992ರಲ್ಲೇ ನಿಷೇಧಿಸಿದ್ದಾರೆ. ಆದರೂ ಮಿಶ್ರಿ, ಗುಡಾಕು, ನಶ್ಯ ಅಂತ ವಸಡಿಗೆ ತಿಕ್ಕುವ ಅಭ್ಯಾಸ ಹಲವು ಊರುಗಳಲ್ಲಿ ಇನ್ನೂ ಇದೆ, ಹೆಂಗಸರಲ್ಲೂ ಇದೆ. ಅದು ಹಲ್ಲುಪುಡಿ ಅಲ್ಲ, ತಂಬಾಕು. ತಿಕ್ಕಿದಾಗ ಹಾಯೆನಿಸುವುದು ಔಷಧಿ ಗುಣದಿಂದಲ್ಲ, ಅದು ಚಟ.

ತ್ರಿಫಲ ಕಷಾಯ

ಇಡೀ ಪಟ್ಟಿಯಲ್ಲಿ ಒಂದೇ ಒಂದು ಆರಿಸಿ ಅಂದರೆ ನಾನು ಇದನ್ನೇ ಆರಿಸುತ್ತೇನೆ. ನಮ್ಮ ದೇಶದ ದಂತ ವೈದ್ಯರೇ ಇದನ್ನು ಕ್ಲೋರ್‌ಹೆಕ್ಸಿಡಿನ್ ಅನ್ನುವ ಮೌತ್‌ವಾಶ್ ಜೊತೆ ಹೋಲಿಸಿ ನೋಡಿದ್ದಾರೆ. ಪಾಚಿ ಮತ್ತು ವಸಡಿನ ಊತ ಇಳಿಸುವುದರಲ್ಲಿ ಅದಕ್ಕೆ ಹತ್ತಿರ ಹತ್ತಿರ ಬಂದಿದೆ. ಅಧ್ಯಯನಗಳು ಚಿಕ್ಕವು, ಕೆಲವು ವಾರಗಳವು, ಅದನ್ನೂ ನೆನಪಿಟ್ಟುಕೊಳ್ಳಿ. ಆದರೆ ಬ್ರಷ್ ಮಾಡುವುದರ ಜೊತೆಗೆ ಬಳಸಲು ಇಷ್ಟು ಅಗ್ಗದ್ದು ಬೇರೆ ಇಲ್ಲ.

ಒಂದು ಟೀ ಚಮಚ ತ್ರಿಫಲ ಪುಡಿಗೆ ಎರಡು ಲೋಟ ನೀರು. ಸಣ್ಣ ಉರಿಯಲ್ಲಿ ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿ. ಮುಚ್ಚಳ ಬೇಡ. ಸ್ಟೀಲ್ ಪಾತ್ರೆ ಇರಲಿ. ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ನೋಡನೋಡುತ್ತಿದ್ದಂತೆ ಕಷಾಯ ಕಪ್ಪು ಶಾಯಿಯಾಗುತ್ತದೆ. ಹಿಂದೆ ಅಳಲೆಕಾಯಿಗೆ ಅನ್ನಭೇದಿ ಅನ್ನುವ ಕಬ್ಬಿಣದ ಲವಣ ಸೇರಿಸಿ ಬರೆಯುವ ಶಾಯಿಯನ್ನೇ ಮಾಡುತ್ತಿದ್ದರು. ಕಾಯಿಯ ಒಗರಿಗೆ ಕಬ್ಬಿಣ ಸಿಕ್ಕರೆ ಹಾಗೆ. ಆ ಒಗರೇ ವಸಡನ್ನು ಬಿಗಿ ಮಾಡುವುದು, ಅದೇ ಹಲ್ಲಿಗೆ ಕಂದು ಬಣ್ಣ ಹತ್ತಿಸುವುದೂ. ಆದ್ದರಿಂದ ತಿಂಗಳುಗಟ್ಟಲೆ ದಿನಾ ಬೇಡ. ಎರಡು ಮೂರು ವಾರ ಮಾಡಿ, ಬಿಡಿ, ಬೇಕಾದಾಗ ಮತ್ತೆ ಮಾಡಿ. ಐರನ್ ಮಾತ್ರೆ ನುಂಗುವವರು ಕಷಾಯ ನುಂಗದೆ ಉಗಿದರೆ ಸಾಕು.

ಕುದಿಸಿದ ಮೇಲೆ ಬಟ್ಟೆಯಲ್ಲಿ ಸೋಸಿ. ತಳದ ಗಸಿ ಬಾಯಿಗೆ ಬಂದರೆ ಹಲ್ಲಿನ ಸಂದಿನಲ್ಲಿ ಕೂತು ಕಿರಿಕಿರಿ. ಉಗುರು ಬೆಚ್ಚಗಿರುವಾಗ ಒಂದು ಬಾಯಿ ತುಂಬ ತೆಗೆದುಕೊಂಡು ಅರ್ಧ ನಿಮಿಷ ಕೆನ್ನೆಯಲ್ಲಿ ಆಚೀಚೆ ಆಡಿಸಿ, ಉಗಿಯಿರಿ. ಹೀಗೆ ಲೋಟ ಮುಗಿಯುವವರೆಗೆ. ಕೂಡಲೇ ನೀರಿನಲ್ಲಿ ಬಾಯಿ ತೊಳೆಯಬೇಡಿ, ಅರ್ಧ ಗಂಟೆ ಏನೂ ತಿನ್ನಬೇಡಿ. ದಿನಕ್ಕೆ ಎರಡು ಸಲ. ಆವತ್ತಿನದು ಆವತ್ತೇ. ಹೊರಗಿಟ್ಟ ಕಷಾಯ ಮಾರನೇ ದಿನಕ್ಕೆ ಹುಳಿ ವಾಸನೆ ಹೊಡೆಯುತ್ತದೆ, ಫ್ರಿಜ್ಜಿನಲ್ಲಿ ಬೇಕಾದರೆ ಒಂದು ರಾತ್ರಿ ಇಡಬಹುದು.

ರಕ್ತ ಬರುತ್ತದೆ ಅಂತ ಆ ಜಾಗ ಉಜ್ಜುವುದನ್ನೇ ಬಿಡುವವರು ಬಹಳ. ಅದೇ ಕೆಡುಕು. ರಕ್ತ ಬರುವುದೇ ಅಲ್ಲಿ ಪಾಚಿ ಇದೆ ಅಂತ. ಮೆತ್ತನೆ ಬ್ರಷ್ಷಿನಲ್ಲಿ ಅಲ್ಲೇ ಇನ್ನಷ್ಟು ನಿಧಾನವಾಗಿ ಉಜ್ಜಬೇಕು, ಮೇಲಿನಿಂದ ಕಷಾಯ. ಒಂದು ವಾರಕ್ಕೆ ರಕ್ತ ಕಡಿಮೆ ಆಗಬೇಕು. ಎರಡು ವಾರ ಆದರೂ ಹಾಗೇ ಇದ್ದರೆ ಒಳಗೆ ಗಾರೆ ಇದೆ ಅಂತ ಅರ್ಥ, ಅಥವಾ ಶುಗರ್ ಇದೆಯಾ ನೋಡಿಸಬೇಕು. ಶುಗರ್ ಹಿಡಿತದಲ್ಲಿ ಇಲ್ಲದವರ ವಸಡು ಬೇಗ ಹಾಳಾಗುತ್ತದೆ, ವಸಡು ಹಾಳಾದರೆ ಶುಗರ್ ಹಿಡಿತಕ್ಕೆ ಬರುವುದೂ ಕಷ್ಟ. ಬಸುರಿಯರಿಗೆ ವಸಡು ಊದುವುದು ಸಾಮಾನ್ಯ, ಅವರಿಗೆ ಬೆಚ್ಚಗಿನ ಉಪ್ಪು ನೀರು ಸಾಕು: ಒಂದು ಲೋಟಕ್ಕೆ ಅರ್ಧ ಟೀ ಚಮಚ. ಇನ್ನೊಂದು ವಿಷಯ, ಬೀಡಿ ಸಿಗರೇಟು ಸೇದುವವರಿಗೆ ವಸಡು ಕೆಟ್ಟಿದ್ದರೂ ರಕ್ತ ಕಡಿಮೆ ಬರುತ್ತದೆ. ರಕ್ತ ಇಲ್ಲ ಅಂತ ಅವರು ನಿಶ್ಚಿಂತೆಯಿಂದ ಇರುವ ಹಾಗಿಲ್ಲ.

ಎಣ್ಣೆ ಮುಕ್ಕಳಿಸುವುದು

ಇದರ ಬಗ್ಗೆ ಹೇಳಿದ್ದಕ್ಕಿಂತ ಹೇಳಬಾರದ್ದೇ ಜಾಸ್ತಿ ಹಬ್ಬಿದೆ. ದೇಹದ ವಿಷವೆಲ್ಲ ಎಣ್ಣೆಗೆ ಬರುತ್ತದೆ, ಬೆಳ್ಳಗಾಗಿದ್ದೇ ಅದಕ್ಕೆ ಸಾಕ್ಷಿ ಅನ್ನುತ್ತಾರೆ. ಎಣ್ಣೆ ಎಂಜಲು ಸೇರಿಸಿ ಹತ್ತು ನಿಮಿಷ ಕಡೆದರೆ ಬೆಳ್ಳಗಾಗದೆ ಇನ್ನೇನು ಆಗುತ್ತದೆ? ಬಾಯಿ ಒಣಗುವುದಕ್ಕೆ, ಬೆಳಗಿನ ವಾಸನೆಗೆ, ಪಾಚಿ ಸ್ವಲ್ಪ ಕಡಿಮೆ ಮಾಡಲು ಇದು ಒಳ್ಳೆಯದು. ಅಷ್ಟು ಸಾಕಲ್ವಾ.

ಆಯುರ್ವೇದದಲ್ಲಿ ಇದಕ್ಕೆ ಎರಡು ವಿಧ. ಬಾಯಿ ತುಂಬ ತುಂಬಿಕೊಂಡು ಅಲ್ಲಾಡಿಸದೆ ಹಿಡಿದಿಟ್ಟುಕೊಳ್ಳುವುದು ಗಂಡೂಷ, ಕಡಿಮೆ ತೆಗೆದುಕೊಂಡು ಆಡಿಸುವುದು ಕವಲ. ದಿನದ ಬಳಕೆಗೆ ಎರಡನೆಯದು ಸುಲಭ. ಬರಿ ಹೊಟ್ಟೆಯಲ್ಲಿ ಎರಡು ಟೀ ಚಮಚ ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ, ಐದರಿಂದ ಹತ್ತು ನಿಮಿಷ, ಜೋರಾಗಿ ಅಲ್ಲ. ದವಡೆ ನೋಯುವಷ್ಟು ಹೊತ್ತು ಮಾಡಬೇಕಿಲ್ಲ. ನುಂಗಬೇಡಿ. ಸಿಂಕಿಗೆ ಉಗಿಯಬೇಡಿ, ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗಿ ಪೈಪು ಕಟ್ಟುತ್ತದೆ. ಕಾಗದದಲ್ಲಿ ಉಗಿದು ಕಸಕ್ಕೆ ಹಾಕಿ. ಆಮೇಲೆ ಹಲ್ಲುಜ್ಜುವುದು ಇದ್ದೇ ಇದೆ. ಸಣ್ಣ ಮಕ್ಕಳಿಗೆ, ನುಂಗಲು ಕಷ್ಟಪಡುವ ವಯಸ್ಸಾದವರಿಗೆ ಬೇಡವೇ ಬೇಡ, ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಅಪಾಯ. ವಸಡಿನ ತೊಂದರೆ ಜಾಸ್ತಿ ಇರುವವರಿಗೆ ವೈದ್ಯರು ಇರಿಮೇದಾದಿ ತೈಲ ಕೊಡುತ್ತಾರೆ, ಅದನ್ನು ಅವರನ್ನು ಕೇಳಿಯೇ ಬಳಸಿ.

ಹಲ್ಲುನೋವು ಬಂದಾಗ

ರಾತ್ರಿ ಹನ್ನೊಂದಕ್ಕೆ ಬರುತ್ತದೆ, ಆಗ ಲವಂಗ ನೆನಪಾಗುತ್ತದೆ. ಸರಿಯಾದ ನೆನಪೇ. ಲವಂಗದ ಎಣ್ಣೆಯಲ್ಲಿ ಬಹುಪಾಲು ಇರುವುದು ಯುಜಿನಾಲ್, ಅದು ನೋವನ್ನು ಮರಗಟ್ಟಿಸುತ್ತದೆ. ದಂತ ವೈದ್ಯರು ತಾತ್ಕಾಲಿಕ ಫಿಲ್ಲಿಂಗಿಗೆ ಬಳಸುವ ಮಸಾಲೆಯಲ್ಲೂ ಅದೇ ಇದೆ, ಕ್ಲಿನಿಕ್ಕಿನ ಆ ವಾಸನೆ ಅದರದ್ದೇ. ಒಂದು ಲವಂಗವನ್ನು ಬಾಯಲ್ಲಿ ಮೆತ್ತಗಾಗಲು ಬಿಟ್ಟು, ನೋಯುವ ಹಲ್ಲಿನ ಪಕ್ಕ ಇಟ್ಟು ಮೆಲ್ಲಗೆ ಕಚ್ಚಿ ಹಿಡಿಯಿರಿ. ಎಣ್ಣೆ ಆದರೆ ಅರ್ಧ ಟೀ ಚಮಚ ಕೊಬ್ಬರಿ ಎಣ್ಣೆಗೆ ಒಂದೇ ಹನಿ, ಹತ್ತಿಯಲ್ಲಿ ಅದ್ದಿ, ಹಿಂಡಿ, ತೂತಿನ ಮೇಲೆ ಹತ್ತು ನಿಮಿಷ. ಬರಿ ಲವಂಗದ ಎಣ್ಣೆ ವಸಡನ್ನು ಸುಟ್ಟು ಬೆಳ್ಳಗೆ ಮಾಡುತ್ತದೆ. ಬಾಟಲಿ ಮಕ್ಕಳ ಕೈಗೆ ಸಿಗಬಾರದು, ಸ್ವಲ್ಪ ಕುಡಿದರೂ ಅವರ ಲಿವರಿಗೆ ಪೆಟ್ಟು.

ಮಲೆನಾಡಿನ ಕಡೆ ಗದ್ದೆಯ ಅಂಚಿನಲ್ಲಿ, ತೋಟದ ಕಾಲುವೆ ಪಕ್ಕದಲ್ಲಿ ಹೆಮ್ಮುಗುಳು ಬೆಳೆಯುತ್ತದೆ. ಎಸಳು ಎದ್ದು ಕಾಣದ, ಗೋಪುರದ ಹಾಗಿರುವ ಪುಟ್ಟ ಹಳದಿ ಹೂವು. ಒಂದು ಹೂವನ್ನು ಹಲ್ಲಿನ ಹತ್ತಿರ ಅಗಿದರೆ ಮೊದಲು ಚುರುಚುರು, ಬಾಯಿ ತುಂಬ ನೀರು, ಆಮೇಲೆ ನಾಲಿಗೆ ಜೋಮು ಹಿಡಿದಂತಾಗುತ್ತದೆ. ದೊಡ್ಡವರಿಗೆ ಮಾತ್ರ, ಗಿಡ ಖಚಿತವಾಗಿ ಗೊತ್ತಿದ್ದರೆ ಮಾತ್ರ.

ಲವಂಗವಾಗಲಿ ಹೆಮ್ಮುಗುಳಾಗಲಿ ನೋವನ್ನು ಮರೆಸುತ್ತವೆ, ತೂತು ಹಾಗೇ ಇರುತ್ತದೆ. ಬೆಳಗ್ಗೆ ನೋವು ಹೋಯಿತು ಅಂತ ಡಾಕ್ಟರನ್ನು ಬಿಡಬೇಡಿ. ನೋವು ತಾನಾಗಿ ನಿಂತಿದ್ದರೆ ಒಳಗಿನ ನರ ಸತ್ತಿರಬಹುದು, ಕೀವು ಕೆಳಗೆ ಸೇರುತ್ತಿರಬಹುದು.

ಮಾಡಬಾರದ್ದು: ತೂತಿಗೆ ಎಕ್ಕದ ಹಾಲು, ವಸಡಿನ ಮೇಲೆ ಆಸ್ಪಿರಿನ್ ಪುಡಿ, ಊದಿದ ಕೆನ್ನೆಗೆ ಬಿಸಿ ಶಾಖ. ಮತ್ತೆ ಸಂತೆ ಜಾತ್ರೆಗಳಲ್ಲಿ ನೆಲಗುಳ್ಳದ ಬೀಜದ ಹೊಗೆ ಹಾಕಿ ಹಲ್ಲಿನ ಹುಳ ತೆಗೆದು ತೋರಿಸುವವರು. ಹುಳುಕು ಹಲ್ಲಿನಲ್ಲಿ ಹುಳ ಇಲ್ಲ. ಸಿಹಿ ತಿಂದು ಬದುಕುವ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಬಿಡುವ ಹುಳಿಯಿಂದ ಹಲ್ಲು ಕರಗಿ ತೂತಾಗುತ್ತದೆ. ಬಟ್ಟಲಿನಲ್ಲಿ ತೋರಿಸುವುದು ಏನೇ ಇರಲಿ, ನಿಮ್ಮ ಬಾಯಿಂದ ಬಂದದ್ದಲ್ಲ.

ಬಾಯಿಹುಣ್ಣು

ಜಾಜಿ ಮಲ್ಲಿಗೆಯ ನಾಲ್ಕು ಎಲೆ ತೊಳೆದು ಅಗಿದು ಉಗಿಯಿರಿ. ಸೀಬೆ ಗಿಡದ ಚಿಗುರೂ ಆಗುತ್ತದೆ. ಜೇಷ್ಠಮಧು ಪುಡಿಯನ್ನು ತುಪ್ಪದಲ್ಲಿ ಕಲಸಿ ರಾತ್ರಿ ಹಚ್ಚಿ ಮಲಗಿದರೆ ಉರಿ ಕಡಿಮೆ. ಖಾರ ಬಿಡಿ. ಪದೇ ಪದೇ ಹುಣ್ಣಾಗುತ್ತಿದ್ದರೆ ಒಂದು ಚೂಪು ಹಲ್ಲು ಕೆನ್ನೆಗೆ ತಾಗುತ್ತಿದೆಯಾ ನೋಡಿಸಿ, ರಕ್ತಹೀನತೆಯೂ ಕಾರಣ ಇರಬಹುದು.

ಎಲೆ ಅಡಿಕೆಯಲ್ಲಿ ಕಾಚು ಇದೆಯಲ್ಲ, ಅದು ಕಗ್ಗಲಿಯದೇ ಅಲ್ವಾ, ವಸಡಿಗೆ ಒಳ್ಳೆಯದಲ್ವಾ ಅಂತ ಕೇಳುತ್ತಾರೆ. ಕಾಚು ಒಗರು ನಿಜ. ಜೊತೆಗಿರುವ ಅಡಿಕೆ ಬಾಯಿ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಖಚಿತವಾಗಿ ಹೇಳಿದೆ, ತಂಬಾಕು ಸೇರಿಸದಿದ್ದರೂ. ಅಡಿಕೆ ಬೆಳೆಯುವ ಊರಿನವರಿಗೆ ಇದು ಇಷ್ಟವಾಗುವ ಮಾತಲ್ಲ, ಆದರೂ ಹೇಳಲೇಬೇಕು.

ಪೇಸ್ಟು ಬಿಡಬೇಕಾ?

ಬೇಡ. ಹುಳುಕು ತಡೆಯುವ ಕೆಲಸ ಫ್ಲೋರೈಡಿನದು, ಬೇವಿಗೂ ತ್ರಿಫಲಕ್ಕೂ ಅದು ಬರುವುದಿಲ್ಲ. ರಾತ್ರಿ ಫ್ಲೋರೈಡ್ ಪೇಸ್ಟಿನಲ್ಲಿ ಎರಡು ನಿಮಿಷ ಉಜ್ಜಿ, ಬರೀ ಉಗಿದು ಮಲಗಿ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು ಪೇಸ್ಟ್, ಆರು ವರ್ಷದವರೆಗೆ ಬಟಾಣಿ ಕಾಳಿನಷ್ಟು. ಹರ್ಬಲ್ ಅಂತ ಬರೆದ ಪೇಸ್ಟುಗಳಲ್ಲಿ ಹಲವಕ್ಕೆ ಫ್ಲೋರೈಡ್ ಇರುವುದಿಲ್ಲ, ಡಬ್ಬಿ ತಿರುಗಿಸಿ ನೋಡಿ.

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರ ಕಥೆ ಬೇರೆ. ಅಲ್ಲಿ ಎಷ್ಟೋ ಬೋರ್‌ವೆಲ್ ನೀರಿನಲ್ಲೇ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 1.5 ತನಕ ಎನ್ನುವುದು ನಮ್ಮ ದೇಶದ ಮಿತಿ. ಅದಕ್ಕಿಂತ ಜಾಸ್ತಿ ಇರುವ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಬಿಳಿ ಮಚ್ಚೆ, ಕಂದು ಪಟ್ಟೆ ಬರುತ್ತದೆ. ಹಲ್ಲು ದವಡೆಯೊಳಗೆ ರೂಪಗೊಳ್ಳುವಾಗಲೇ ಬಂದ ಕಲೆ ಅದು, ಸುಮಾರು ಎಂಟು ವರ್ಷದೊಳಗೆ. ಬೇಕಿಂಗ್ ಸೋಡಾ, ನಿಂಬೆಹುಳಿ, ಇದ್ದಿಲು ಹಾಕಿ ತಿಕ್ಕಿದರೆ ಕಲೆ ಹೋಗುವುದಿಲ್ಲ, ಹಲ್ಲು ಹೋಗುತ್ತದೆ. ಅಂಥ ಊರಿನಲ್ಲಿ ಮೊದಲು ಮಾಡಬೇಕಾದ್ದು ಕುಡಿಯುವ ನೀರು ಬದಲಿಸುವುದು, ಮಕ್ಕಳ ಪೇಸ್ಟಿನ ವಿಷಯ ಡಾಕ್ಟರನ್ನು ಕೇಳುವುದು.

ಮೂಲಿಕೆ ಬಿಟ್ಟು ಓಡಬೇಕಾದ್ದು ಯಾವಾಗ

ಕೆನ್ನೆ ಅಥವಾ ಗಲ್ಲದ ಕೆಳಗೆ ಊತ, ಜೊತೆಗೆ ಜ್ವರ, ಬಾಯಿ ತೆಗೆಯಲು ನುಂಗಲು ಕಷ್ಟ ಅಂದರೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ. ಹಲ್ಲಿನ ಕೀವು ಕುತ್ತಿಗೆಗೆ ಇಳಿದರೆ ಉಸಿರು ಕಟ್ಟುತ್ತದೆ. ದೊಡ್ಡವರ ಹಲ್ಲು ಅಲ್ಲಾಡುವುದು, ವಸಡು ಒತ್ತಿದರೆ ಕೀವು, ಎರಡು ವಾರ ದಾಟಿದರೂ ವಾಸಿಯಾಗದ ಹುಣ್ಣು, ಕೆನ್ನೆಯೊಳಗೆ ಉಜ್ಜಿದರೆ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಮೂರು ಬೆರಳು ಹಿಡಿಸದಷ್ಟು ಬಾಯಿ ಬಿಗಿಯಾಗುವುದು, ಇವುಗಳಿಗೆ ದಿನ ತಳ್ಳಬೇಡಿ. ಗುಟ್ಕಾ, ಅಡಿಕೆ ಅಭ್ಯಾಸ ಇದ್ದವರಂತೂ ಒಂದು ವಾರವೂ ಕಾಯಬಾರದು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ವಸಡಿನ ರಕ್ತವನ್ನು ಕಷಾಯದಲ್ಲಿ ನಿಲ್ಲಿಸಲು ಹೋಗದೆ ಮೊದಲು ತಮ್ಮ ಡಾಕ್ಟರಿಗೆ ಫೋನ್ ಮಾಡಬೇಕು, ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ದಂತ ವೈದ್ಯರ ಹತ್ತಿರ ಹೋದಾಗ ಏನೇನು ಹಚ್ಚಿದ್ದೀರಿ ಅಂತ ಮುಚ್ಚಿಡದೆ ಹೇಳಿ. ಬೈಯುತ್ತಾರೆ ಅಂತ ಹೆದರಬೇಡಿ. ಲವಂಗದೆಣ್ಣೆ ಸುಟ್ಟ ವಸಡೋ ಕಾಯಿಲೆಯ ವಸಡೋ ಅಂತ ಅವರಿಗೆ ತಿಳಿಯಬೇಕಲ್ಲ.